ಮಾಲಿನೊಳಗೆ ಪಡುವಣ ಯಾವ ಕಡೆ? ಅಮ್ಮನೊಂದಿಗೆ ಕಳೆದ ಒಂದು ಮಧ್ಯಾಹ್ನದ ಕುರಿತು ಪ್ರಶ್ನೆ

ನಿಡಿಯೂರಿನವ (ಉಡುಪಿ) ಕೇಳಿದ್ದು:

ಏಪ್ರಿಲಿನಲ್ಲಿ ಬಂಧುಗಳ ಮದುವೆಗೆಂದು ಅಮ್ಮನನ್ನು ಕರೆದುಕೊಂಡು ಮಂಗಳೂರಿಗೆ ಹೋಗಿದ್ದೆ. ಊಟ ಮುಗಿದಾಗ ಎರಡು ಗಂಟೆಯಾಗಿತ್ತು. ಆ ಬಿಸಿಲಿನಲ್ಲಿ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಹೋಗಿ ಉಡುಪಿಯ ಬಸ್ಸಿನಲ್ಲಿ ಒಂದೂವರೆ ಗಂಟೆ ಕುಳಿತುಕೊಳ್ಳುವುದಕ್ಕಿಂತ, ಹತ್ತಿರದಲ್ಲೇ ಇದ್ದ ಮಾಲಿನ ತಂಪಿನಲ್ಲಿ ಸ್ವಲ್ಪ ಹೊತ್ತು ಕಳೆದು, ಮೊಮ್ಮಗಳಿಗೆ ಒಂದು ಫ್ರಾಕ್ ತೆಗೆದುಕೊಂಡು, ಬಿಸಿಲು ಇಳಿದ ಮೇಲೆ ಹೊರಡೋಣವೆಂದು ನಾನೇ ಸೂಚಿಸಿದೆ. ಅಮ್ಮನಿಗೆ ಎಪ್ಪತ್ತೊಂದು ವರ್ಷ. ಮಾಲಿನ ಒಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ನನಗೂ ಆ ಕಟ್ಟಡ ಹೊಸದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಪ್ರಶ್ನೆ ಆ ಒಂದು ಕಟ್ಟಡಕ್ಕೆ ಸಂಬಂಧಿಸಿದ್ದಲ್ಲ.

ಮೊದಲ ಒಂದು ಗಂಟೆ ಬಹಳ ಚೆನ್ನಾಗಿತ್ತು. ಅಮ್ಮ ಪ್ರತಿಯೊಂದು ಅಂಗಡಿಯ ಗಾಜಿನ ಮುಂದೆಯೂ ನಿಂತು ನೋಡಿದರು. ಎರಡನೆಯ ಮಹಡಿಯಲ್ಲಿ ಫ್ರಾಕ್ ಸಿಕ್ಕಿತು. ನಾನು ಹಣ ಕೊಡಲು ಸಾಲಿನಲ್ಲಿ ನಿಂತಿದ್ದಾಗ ಅವರು ಶೌಚಾಲಯಕ್ಕೆಂದು ಹೋದರು. ಕೈಯಲ್ಲಿ ಏನೂ ಬೇಡವೆಂದು ಪರ್ಸನ್ನೂ ಫೋನನ್ನೂ ನನ್ನ ಚೀಲದಲ್ಲೇ ಬಿಟ್ಟಿದ್ದರು. ಅಲ್ಲಿಂದ ಅವರು ಬಂದ ದಾರಿಯ ಬದಲು ಓಣಿಯ ಇನ್ನೊಂದು ತುದಿಯಿಂದ ಹೊರಬಂದರು, ಎದುರಿಗೆ ಲಿಫ್ಟ್ ಇತ್ತು, ಲಿಫ್ಟಿನೊಳಗಿದ್ದವರು "ಕೆಳಗಾ?" ಎಂದು ಕೇಳಿದ್ದಕ್ಕೆ ಗಡಿಬಿಡಿಯಲ್ಲಿ ಹೌದೆಂದು ತಲೆಯಾಡಿಸಿ ಹತ್ತಿಬಿಟ್ಟರು. ಲಿಫ್ಟಿನ ಗುಂಡಿಗಳ ಮೇಲೆ ಇದ್ದದ್ದು ಎಲ್‌ಜಿ, ಯುಜಿ ಎಂಬ ಇಂಗ್ಲಿಷ್ ಅಕ್ಷರಗಳು. ಅಮ್ಮ ಕನ್ನಡ ಪತ್ರಿಕೆಯನ್ನು ದಿನವೂ ಮೊದಲಿನಿಂದ ಕೊನೆಯವರೆಗೆ ಓದುವವರು, ಆದರೆ ಆ ಅಕ್ಷರಗಳು ಅವರಿಗೆ ಏನನ್ನೂ ಹೇಳಲಿಲ್ಲ. ಇಪ್ಪತ್ತೈದು ನಿಮಿಷ ನಾನು ಮಹಡಿಯಿಂದ ಮಹಡಿಗೆ ಓಡಾಡಿದೆ. ಕೊನೆಗೆ ಸಿಕ್ಕಿದಾಗ ಅವರು ಎರಡು ಮಹಡಿ ಕೆಳಗೆ, ನಾನು ಹಣ ಕೊಡುತ್ತಿದ್ದ ಅಂಗಡಿಯ ನೇರ ಕೆಳಗಿನ ಜಾಗದಲ್ಲಿ, ಅದೇ ಕಂಬ, ಅದೇ ಕಟಕಟೆ, ಅದೇ ಮೂಲೆ ಎಂದುಕೊಂಡು ನನಗಾಗಿ ಕಾಯುತ್ತಿದ್ದರು. ಅಂಗಡಿ ಮಾತ್ರ ಬೇರೆಯಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಅದು ಹಗ್ಗದಂತಾಗಿತ್ತು.

ಬಸ್ಸಿನಲ್ಲಿ ಮುಲ್ಕಿ ದಾಟುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: "ಅದರ ಒಳಗೆ ಪಡ್ಡಾಯಿ ಯಾವುದೆಂದೇ ಗೊತ್ತಾಗುವುದಿಲ್ಲ."

ಆ ಮಾತು ನನ್ನನ್ನು ಅಂದಿನಿಂದಲೂ ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಎಡ, ಬಲ ಎಂಬ ಮಾತೇ ಕಡಿಮೆ. ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ (ತುಳುವಿನಲ್ಲಿ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ) ಎಂದೇ ರೂಢಿ. ಪಡ್ಡಾಯಿ ಬದಿಯ ಕಿಟಕಿ ಹಾಕು, ಗಾಳಿಮಳೆ ಬರುತ್ತಿದೆ ಎನ್ನುತ್ತಾರೆ. ಉಪ್ಪಿನ ಭರಣಿ ಕಪಾಟಿನ ಮೂಡು ಬದಿಗಿದೆ ಎನ್ನುತ್ತಾರೆ. ತೆಂಕನಿಡಿಯೂರು, ಬಡಾನಿಡಿಯೂರು, ಮೂಡುಬಿದಿರೆ, ಪಡುಬಿದ್ರಿ ಎಂದು ಊರುಗಳ ಹೆಸರಿನಲ್ಲೇ ದಿಕ್ಕನ್ನು ಹೊತ್ತುಕೊಂಡ ಸೀಮೆ ನಮ್ಮದು. ಉಡುಪಿಯ ತೆಂಕಪೇಟೆ, ಬಡಗುಪೇಟೆಗಳಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಅಮ್ಮ ರಥಬೀದಿಗೆ ಬಂದು ಮುಟ್ಟುತ್ತಾರೆ. ಅಂಥವರು ಒಂದೇ ಮಾಡಿನ ಕೆಳಗೆ ದಾರಿ ತಪ್ಪಿದ್ದು ಹೇಗೆ? ವಯಸ್ಸಾಯಿತೆಂದು ನಾನು ಸುಮ್ಮನಾಗಲೇ, ಅಥವಾ ಆ ಕಟ್ಟಡಗಳನ್ನು ಕಟ್ಟುವ ರೀತಿಯಲ್ಲೇ ಏನಾದರೂ ಇದೆಯೇ? ಬಲ್ಲವರು ತಿಳಿಸಬೇಕು. ಇನ್ನೊಮ್ಮೆ ಹೋಗಬೇಕೆಂಬ ಆಸೆ ಅಮ್ಮನಿಗೇ ಇದೆ. ಮೇಲಿನ ಮಹಡಿಯನ್ನು ಅವರು ನೋಡಿಯೇ ಇಲ್ಲ.

ನಕ್ಷೆಗಾರ (ಮಂಗಳೂರು) ಬರೆದದ್ದು:

ಮೊದಲಿಗೆ, ದಯವಿಟ್ಟು ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ನಾನು ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದವನು. ಹೊಸ ಮಾಲಿನೊಳಗೆ ನಡೆದು ಬಂದ ದಾರಿಯನ್ನು ಹಿಂದಕ್ಕೆ ಹುಡುಕುವಾಗ ನಾನೂ ತಪ್ಪಿದ್ದೇನೆ.

ನಿಮ್ಮ ತಾಯಿಯವರ ಮಾತಿನಲ್ಲಿ ಕಾರಣ ಪೂರ್ತಿಯಾಗಿ ಇದೆ. ಹಂಪನಕಟ್ಟೆಯಲ್ಲಿ ನಿಂತವನಿಗೆ ರಸ್ತೆಯ ಇಳಿಜಾರು ದಾರಿ ಹೇಳುತ್ತದೆ, ನೆರಳು ಹೇಳುತ್ತದೆ, ಬಂದರಿನ ಕಡೆಯಿಂದ ಬರುವ ಗಾಳಿ ಹೇಳುತ್ತದೆ, ಮೀನಿನ ವಾಸನೆಯೂ ಹೇಳುತ್ತದೆ. ಮಾಲಿನಲ್ಲಿ ನೆಲ ಸಮತಟ್ಟು, ಬೆಳಕು ಎಲ್ಲ ಕಡೆಯೂ ಒಂದೇ ಸಮ, ಗಾಳಿ ಯಂತ್ರದ್ದು. ಮಹಡಿಗಳನ್ನು ಒಂದರ ಮೇಲೊಂದು ಅಚ್ಚು ಹೊಡೆದಂತೆ ಜೋಡಿಸುವುದರಿಂದ ಕಂಬ, ಕಟಕಟೆ, ಶೌಚಾಲಯ, ಲಿಫ್ಟು ಎಲ್ಲವೂ ಪ್ರತಿ ಮಹಡಿಯಲ್ಲಿಯೂ ಅದದೇ ಜಾಗದಲ್ಲಿ ಇರುತ್ತವೆ. ನೀರಿನ ಕೊಳವೆ ಮತ್ತು ಲಿಫ್ಟು ಓಡುವ ಬಾವಿ ನೇರ ಇಳಿಯಬೇಕಾದ್ದರಿಂದ ಅದು ಅನಿವಾರ್ಯ. ಹಾಗಾಗಿ ನಿಮ್ಮ ತಾಯಿ ಗುರುತಿಟ್ಟುಕೊಂಡ ಮೂಲೆ ಸರಿಯಾದದ್ದೇ. ತಪ್ಪಿದ್ದು ಮಹಡಿಯ ಎಣಿಕೆ ಮಾತ್ರ.

ಆ ಎಣಿಕೆ ತಪ್ಪುವುದಕ್ಕೂ ನಮ್ಮ ಊರಿನಲ್ಲಿ ಒಂದು ವಿಶೇಷ ಕಾರಣವಿದೆ. ಮಂಗಳೂರು ಗುಡ್ಡ ಮತ್ತು ತಗ್ಗುಗಳ ಪಟ್ಟಣ. ಇಳಿಜಾರಿನ ಜಾಗದಲ್ಲಿ ದೊಡ್ಡ ಕಟ್ಟಡ ಕಟ್ಟಿದರೆ ಮುಂದಿನ ರಸ್ತೆಯಿಂದ ಒಳಬಂದವರಿಗೆ ನೆಲಮಾಳಿಗೆಯಂತೆ ಕಾಣುವ ಮಹಡಿ, ಹಿಂದಿನ ರಸ್ತೆಯಿಂದ ಬಂದವರಿಗೆ ನೆಲದ ಮಟ್ಟವೇ ಆಗಿರುತ್ತದೆ. ಎಲ್‌ಜಿ ಎಂದರೆ ಕೆಳಗಿನ ನೆಲಮಹಡಿ, ಯುಜಿ ಎಂದರೆ ಮೇಲಿನ ನೆಲಮಹಡಿ. ಒಂದೇ ಕಟ್ಟಡಕ್ಕೆ ಎರಡು ನೆಲ. ಒಂದರಿಂದ ಒಳಬಂದು ಇನ್ನೊಂದಕ್ಕೆ ಇಳಿದವರಿಗೆ ಹೊರಗಿನ ಬಾಗಿಲೂ ಅಪರಿಚಿತವಾಗಿ ಕಾಣುವುದು ಸಹಜ.

ಇನ್ನು ಕಟ್ಟುವ ರೀತಿಯ ಬಗ್ಗೆ. ಪೂರ್ತಿ ಮುಚ್ಚಿದ, ವರ್ಷವಿಡೀ ಒಂದೇ ಹವೆಯಿರುವ ಮಾಲ್ ಮೊದಲು ತೆರೆದದ್ದು 1956ರಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ಎಡೈನಾದಲ್ಲಿ. ಹೆಸರು ಸೌತ್‌ಡೇಲ್. ಅಂಗಡಿಗಳು 72. ಅದನ್ನು ರೂಪಿಸಿದವನು ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ, ನಾಜಿಗಳ ಕಾರಣದಿಂದ 1938ರಲ್ಲಿ ಊರು ಬಿಟ್ಟು ಅಮೆರಿಕಕ್ಕೆ ಬಂದವನು. ಆ ಸೀಮೆಯ ಚಳಿಗಾಲದಲ್ಲಿ ಹೊರಗೆ ತಿರುಗಾಡುವುದೇ ಕಷ್ಟ. ಜನ ಚಳಿಗೆ ಅಂಜದೆ ಕೂಡುವ, ನಡೆಯುವ, ಹರಟುವ ಒಂದು ಪೇಟೆಚೌಕವನ್ನು ಮಾಡಿನ ಕೆಳಗೆ ಕೊಡಬೇಕೆಂಬುದು ಅವನ ಬಯಕೆಯಾಗಿತ್ತು. ಅದಕ್ಕಾಗಿ ಅಂಗಡಿಗಳ ಮುಖವನ್ನೆಲ್ಲ ಒಳಗೆ ತಿರುಗಿಸಿದ. ಹೊರಗೆ ಉಳಿದದ್ದು ಕುರುಡು ಗೋಡೆ ಮತ್ತು ವಾಹನ ನಿಲ್ಲಿಸುವ ಬಯಲು. ಪ್ರತಿಸ್ಪರ್ಧಿಗಳಾದ ಎರಡು ದೊಡ್ಡ ಮಳಿಗೆಗಳನ್ನು ಒಂದೇ ಮಾಡಿನ ಕೆಳಗೆ ತಂದ. ಒಂದರಿಂದ ಇನ್ನೊಂದಕ್ಕೆ ಹೋಗುವವರು ನಡುವಿನ ಸಣ್ಣ ಅಂಗಡಿಗಳ ಮುಂದೆ ಹಾಯಲೇಬೇಕು. ಇಂದಿಗೂ ಹೆಚ್ಚಿನ ಮಾಲುಗಳ ಎಲುಬು ಅದೇ.

ಏನನ್ನೋ ಕೊಳ್ಳಲು ನಿಶ್ಚಯಿಸಿ ಬಂದವನು ಆ ಬೆಳಕು, ಕಾರಂಜಿ, ಗಾಜುಗಳ ನಡುವೆ ಬಂದ ಉದ್ದೇಶವನ್ನೇ ಮರೆತು ಸುಮ್ಮನೆ ಅಲೆಯತೊಡಗುವ ಕ್ಷಣಕ್ಕೆ ಮುಂದೆ ಜನ ಗ್ರೂಯೆನ್ನನ ಹೆಸರನ್ನೇ ಇಟ್ಟರು. ಅವನಿಗೆ ಅದು ಬೇಕಾಗಿರಲಿಲ್ಲ. ತನ್ನ ಕಲ್ಪನೆಯಲ್ಲಿದ್ದ ಮನೆಗಳು, ಶಾಲೆಗಳು, ತೋಟಗಳೆಲ್ಲ ಬಿದ್ದುಹೋಗಿ ವ್ಯಾಪಾರವೊಂದೇ ಉಳಿದದ್ದನ್ನು ಕಂಡು, ಈ ಮಾಲುಗಳಿಗೆ ತಾನು ತಂದೆಯಲ್ಲವೆಂದು ಬಹಿರಂಗವಾಗಿ ಹೇಳಿ, ಕೊನೆಗಾಲಕ್ಕೆ ವಿಯೆನ್ನಾಕ್ಕೆ ಮರಳಿದ. 1980ರಲ್ಲಿ ಅಲ್ಲೇ ತೀರಿಕೊಂಡ. ನನ್ನ ವೃತ್ತಿಯವರಲ್ಲಿ ಹೀಗೆ ತನ್ನ ಕೆಲಸವನ್ನು ತಾನೇ ತೂಗಿ ನೋಡಿದವರು ಕಡಿಮೆ. ಅದಕ್ಕಾಗಿ ಅವನ ಮೇಲೆ ನನಗೆ ಗೌರವವಿದೆ.

ನಮ್ಮ ದೇಶಕ್ಕೆ ಈ ಬಗೆಯ ಮಾಲು ತಡವಾಗಿ ಬಂತು. ದೆಹಲಿಯ ಅನ್ಸಲ್ ಪ್ಲಾಝಾ, ಮುಂಬೈಯ ಕ್ರಾಸ್‌ರೋಡ್ಸ್ ಎರಡೂ 1999ರವು. ಬೆಂಗಳೂರಿನ ಕೋರಮಂಗಲದ ಫೋರಂ 2004ರದ್ದು, ನಮ್ಮ ಪಾಂಡೇಶ್ವರದ್ದು 2014ರದ್ದು. ಎಂದರೆ ನಿಮ್ಮ ತಾಯಿಯವರ ಆಯುಷ್ಯದ ಹೆಚ್ಚಿನ ಭಾಗ ಕಳೆದ ಮೇಲೆ ಈ ಕಟ್ಟಡಗಳು ಬಂದಿವೆ. ಆದರೆ ಅವರಿಗೆ ಗೊತ್ತಿರುವ ಒಂದು ಸಂಗತಿ ಅಲ್ಲಿಯೂ ಇದೆ. ನಡು ಅಂಗಳವಿರುವ ಹಳೆಯ ಮನೆಯನ್ನು ಅವರು ನೋಡಿಯೇ ಇರುತ್ತಾರೆ. ಮಾಲಿನ ನಡುವೆ ಎಲ್ಲ ಮಹಡಿಗಳನ್ನೂ ಸೀಳಿಕೊಂಡು ಮೇಲಿನ ಗಾಜಿನ ಮಾಡಿನವರೆಗೆ ಹೋಗುವ ತೆರವು ಇದೆಯಲ್ಲ, ಅದು ಅಂಗಳವೇ. ಹೊಸ ಮಾಲಿಗೆ ಹೋದಾಗ ಮೊದಲು ಆ ಅಂಗಳದ ಕೆಳಗೆ ಐದು ನಿಮಿಷ ನಿಂತು, ಒಳಬಂದ ಬಾಗಿಲು ಅದರ ಯಾವ ಬದಿಗಿದೆ ಎಂಬುದನ್ನು ನೋಡಿಕೊಳ್ಳಿ. ದಾರಿ ತಪ್ಪಿದಾಗ ಅಂಗಡಿಗಳನ್ನು ಹುಡುಕದೆ ಅಂಗಳದ ಕಟಕಟೆಗೆ ಬರಬೇಕು. ಅಲ್ಲಿ ನಿಂತವರು ಎಲ್ಲ ಮಹಡಿಗಳಿಗೂ ಕಾಣುತ್ತಾರೆ.

ಕೊಟ್ಟಾರದ ಓದುಗ ಬರೆದದ್ದು:

ನನ್ನದು ಸಣ್ಣ ಸೇರ್ಪಡೆ. ಕಾರಿನಲ್ಲಿ ಹೋಗುವವರು ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಪಕ್ಕದ ಕಂಬದ ಅಕ್ಷರ ಮತ್ತು ಸಂಖ್ಯೆಯನ್ನೂ, ಹತ್ತಿದ ಲಿಫ್ಟಿನ ಬಾಗಿಲನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಕಂಬಗಳಿಗೆ ಬಣ್ಣ ಬಳಿದಿರುವುದು ಅಂದಕ್ಕಲ್ಲ; ಪ್ರತಿ ವಿಭಾಗಕ್ಕೂ ಒಂದೊಂದು ಬಣ್ಣ. ನನ್ನ ಮಾವನವರು ಮುಕ್ಕಾಲು ಗಂಟೆ ಗಾಡಿ ಹುಡುಕಿದ ದಿನದಿಂದ ನಾನು ಇದನ್ನು ತಪ್ಪಿಸಿಲ್ಲ.

ಹಿಂದೆ ಕೌಂಟರಿನಲ್ಲಿದ್ದವಳು (ಮಂಗಳೂರು) ಬರೆದದ್ದು:

ನಾನು ಆರು ವರ್ಷ ಒಂದು ಮಾಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ಮೇಲಿನವರು ಬರೆದದ್ದನ್ನು ಗೌರವದಿಂದ ಓದಿದೆ. ಆದರೂ ಜನರ ದಾರಿ ತಪ್ಪುವುದು ಅಂಗಡಿಯವರಿಗೆ ಲಾಭ ಎಂಬ ಅಭಿಪ್ರಾಯ ಯಾರಿಗಾದರೂ ಬಂದಿದ್ದರೆ ಅದು ಸರಿಯಲ್ಲವೆಂದು ಹೇಳಬೇಕು. ದಾರಿ ತಪ್ಪಿದವರು ಏನನ್ನೂ ಕೊಳ್ಳುವುದಿಲ್ಲ. ಅವರು ಬಂದು ಕೇಳುವುದು ಒಂದೇ ಪ್ರಶ್ನೆ, ಹೊರಗೆ ಹೋಗುವುದು ಎಲ್ಲಿಂದ ಎಂದು. ದಿನಕ್ಕೆ ಇಪ್ಪತ್ತು ಮೂವತ್ತು ಸಲ ನಾನು ಬಾಗಿಲಿನವರೆಗೆ ಬಂದು ಕೈ ತೋರಿಸಿದ್ದೇನೆ. ಗೊಂದಲಕ್ಕೆ ಒಂದು ಕಾರಣ ಬಹಳ ಸರಳವಾದದ್ದು: ಅಂಗಡಿಗಳು ಖಾಲಿಯಾಗುತ್ತವೆ, ಹೊಸವು ಬರುತ್ತವೆ, ಆದರೆ ಎಸ್ಕಲೇಟರಿನ ಬಳಿಯ ಸೂಚನಾಫಲಕ ತಿಂಗಳುಗಟ್ಟಲೆ ಹಳೆಯದೇ ಇರುತ್ತದೆ. ನಮ್ಮ ಅಂಗಡಿ ಮೂಲೆಯಿಂದ ಮಧ್ಯಕ್ಕೆ ಸ್ಥಳಾಂತರವಾದ ಮೇಲೆ ಫಲಕ ಬದಲಾಗುವ ತನಕ ನಮ್ಮ ಹಳೆಯ ಗಿರಾಕಿಗಳು ಹಲಗೆ ಹೊಡೆದು ಮುಚ್ಚಿದ ಬಾಗಿಲಿನ ಮುಂದೆ ನಿಂತು ಹಿಂದಿರುಗುತ್ತಿದ್ದರು.

ಗಿರಾಕಿಗಳಿಗೆ ಕಾಣುವುದು ಅರ್ಧ ಮಾಲು ಮಾತ್ರ. ಅಂಗಡಿಗಳ ಬೆನ್ನಿಗೆ ಇನ್ನೊಂದು ಓಣಿ ಇರುತ್ತದೆ; ಬಣ್ಣವಿಲ್ಲದ ಸಿಮೆಂಟು ಗೋಡೆ, ಒಂದೊಂದೇ ಟ್ಯೂಬ್‌ಲೈಟು, ಸಾಮಾನಿನ ಲಿಫ್ಟು, ರಟ್ಟಿನ ಪೆಟ್ಟಿಗೆಗಳ ರಾಶಿ. ಬೆಳಿಗ್ಗೆ ನಾವು ಬರುವುದು, ರಾತ್ರಿ ಹೋಗುವುದು, ಮಧ್ಯಾಹ್ನ ಬುತ್ತಿ ಬಿಚ್ಚುವುದು ಆ ಓಣಿಯಲ್ಲಿ. ಶೌಚಾಲಯದ ಓಣಿಯಿಂದ ಅಲ್ಲಿಗೆ ಒಂದು ಬಾಗಿಲು ಇರುವುದುಂಟು. ತಪ್ಪಿ ಆ ಬಾಗಿಲು ತಳ್ಳಿ ಬಂದು ಗಾಬರಿಗೊಂಡ ಹಿರಿಯರನ್ನು ನಾನು ಕಂಡಿದ್ದೇನೆ. ಒಬ್ಬ ಅಜ್ಜಿ ನನ್ನ ಕೈಯನ್ನು ಹಿಡಿದುಕೊಂಡ ಬಿಗಿಗೆ ಬಳೆ ಒಡೆದಿತ್ತು. ನಿಮ್ಮ ತಾಯಿ ಒಂದೇ ಕಡೆ ನಿಂತು ಕಾದದ್ದು ಅತ್ಯಂತ ಸರಿಯಾದ ಕೆಲಸ. ಇದನ್ನು ಅವರಿಗೆ ತಿಳಿಸಿ.

ಇನ್ನೊಮ್ಮೆ ಹೀಗಾದರೆ ನೀವು ಮಹಡಿಯಿಂದ ಮಹಡಿಗೆ ಓಡಬೇಡಿ. ಹತ್ತಿರದ ಸೆಕ್ಯೂರಿಟಿಯವರಿಗೆ ಸೀರೆಯ ಬಣ್ಣ, ಎತ್ತರ, ಮಾತಾಡುವ ಭಾಷೆ ಹೇಳಿ. ಅವರ ಕೈಯಲ್ಲಿ ವೈರ್‌ಲೆಸ್ ಇರುತ್ತದೆ. ಎಲ್ಲ ಬಾಗಿಲುಗಳಿಗೂ ಒಂದೇ ಮಾತಿನಲ್ಲಿ ಸುದ್ದಿ ಮುಟ್ಟುತ್ತದೆ, ಕ್ಯಾಮೆರಾದ ಕೋಣೆಯವರೂ ನೋಡುತ್ತಾರೆ. ತಾಯಿಯ ಬಳಿ ಅವರ ಫೋನು ಇರಲಿ, ಇಲ್ಲದಿದ್ದರೆ ನಿಮ್ಮ ಸಂಖ್ಯೆ ಬರೆದ ಒಂದು ಚೀಟಿಯಾದರೂ ಇರಲಿ. ಗುರುತಿಗಾಗಿ ಅಂಗಡಿಯ ಹೆಸರು ಹೇಳಿಕೊಡಬೇಡಿ, ಮಹಡಿಯ ಸಂಖ್ಯೆ ಹೇಳಿಕೊಡಿ. ಲಿಫ್ಟಿನಲ್ಲಿ ಅದೊಂದೇ ಕೆಲಸಕ್ಕೆ ಬರುವುದು.

ಕುಳಿತುಕೊಳ್ಳುವ ವಿಷಯವನ್ನು ಯಾರೂ ಎತ್ತಲಿಲ್ಲ. ಮಾಲುಗಳಲ್ಲಿ ಬೆಂಚುಗಳು ಕಡಿಮೆ. ಕುರ್ಚಿಗಳೆಲ್ಲ ಮೇಲಿನ ಮಹಡಿಯ ತಿಂಡಿ ಅಂಗಡಿಗಳ ಬಳಿ ಇರುತ್ತವೆ. ಸಿನಿಮಾ ಮತ್ತು ತಿಂಡಿಯನ್ನು ಮೇಲಿಡುವುದು ಜನ ಮೇಲಿನವರೆಗೆ ಹತ್ತಿ, ಇಳಿಯುವಾಗ ಎಲ್ಲ ಮಹಡಿಗಳನ್ನೂ ನೋಡಲಿ ಎಂದು. ಮಂಡಿ ನೋವಿರುವವರನ್ನು ಮೊದಲು ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದು ಕೂರಿಸಿ, ಆಮೇಲೆ ಒಂದೊಂದೇ ಮಹಡಿ ಇಳಿಯಿರಿ. ನಿಲ್ಲುವ ನೋವು ನನಗೆ ಗೊತ್ತು, ಕೌಂಟರಿನ ಹಿಂದೆ ನಮಗೂ ಸ್ಟೂಲ್ ಇರಲಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು. ಆ ಸುದ್ದಿ ಓದಿದ ದಿನ ನಮ್ಮ ಬೆನ್ನಿನ ಓಣಿಯಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇರಲಿಲ್ಲ.

ನಿಡಿಯೂರಿನವ ಮತ್ತೆ ಕೇಳಿದ್ದು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೌಂಟರಿನಲ್ಲಿದ್ದ ಸಹೋದರಿಯ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಬಳೆ ಒಡೆದ ಅಜ್ಜಿಯ ಮಾತು ಬಂದಾಗ ಇನ್ನೊಮ್ಮೆ ಓದಿಸಿದರು. ಒಂದು ಸಂದೇಹ ಉಳಿದಿದೆ. ಸೀರೆ ಉಟ್ಟವರಿಗೆ ಎಸ್ಕಲೇಟರ್ ಎಷ್ಟು ಸುರಕ್ಷಿತ? ಅಮ್ಮನಿಗೆ ಅದರ ಮೇಲೆ ಹೋಗುವ ಆಸೆಯೂ ಇದೆ, ಭಯವೂ ಇದೆ.

ನಕ್ಷೆಗಾರ (ಮಂಗಳೂರು) ಬರೆದದ್ದು:

ಎಸ್ಕಲೇಟರ್ ಸಾಮಾನ್ಯವಾಗಿ 30 ಡಿಗ್ರಿ ಇಳಿಜಾರಿನಲ್ಲಿ, ಸೆಕೆಂಡಿಗೆ ಅರ್ಧ ಮೀಟರಿನಷ್ಟು ಚಲಿಸುತ್ತದೆ. ವೇಗ ಹೆಚ್ಚಿಲ್ಲ, ಆದರೆ ಅದು ನಮಗಾಗಿ ನಿಲ್ಲುವುದಿಲ್ಲ. ಅಪಾಯದ ಜಾಗಗಳು ಎರಡು. ಒಂದು, ಮೆಟ್ಟಿಲು ಮತ್ತು ಪಕ್ಕದ ತಗಡಿನ ನಡುವಿನ ಸಂದು. ಸೆರಗೂ ಮೆತ್ತನೆಯ ರಬ್ಬರ್ ಚಪ್ಪಲಿಯೂ ಸಿಕ್ಕಿಕೊಳ್ಳುವುದು ಅಲ್ಲಿ. ಎರಡು, ಕೊನೆಯಲ್ಲಿ ಮೆಟ್ಟಿಲು ನೆಲದೊಳಗೆ ಜಾರುವ ಬಾಚಣಿಗೆಯಂತಹ ಹಲ್ಲುಗಳು. ಆದ್ದರಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಒಂದು ಕೈಯಲ್ಲಿ ತುಸು ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಚಲಿಸುವ ಹಿಡಿಯ ಮೇಲಿಟ್ಟು, ಮೆಟ್ಟಿಲಿನ ಹಳದಿ ಗೆರೆಗಳ ನಡುವೆ ನಿಲ್ಲಬೇಕು. ಮೇಲೆ ಏರುವಾಗ ನೀವು ಅವರ ಒಂದು ಮೆಟ್ಟಿಲು ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ ಇರಿ. ಬುಡದಲ್ಲಿಯೂ ತುದಿಯಲ್ಲಿಯೂ ಕೆಂಪು ಗುಂಡಿ ಇರುತ್ತದೆ, ಒತ್ತಿದರೆ ಯಂತ್ರ ನಿಲ್ಲುತ್ತದೆ. ಹತ್ತುವ ಮೊದಲೇ ಅದು ಎಲ್ಲಿದೆಯೆಂದು ನೋಡಿಕೊಳ್ಳಿ. ಹಸಿರು ಫಲಕದಲ್ಲಿ ಓಡುವ ಮನುಷ್ಯನ ಚಿತ್ರವಿರುವ ಬಾಗಿಲನ್ನೂ ಅವರಿಗೆ ತೋರಿಸಿರಿ. ಬೆಂಕಿಯ ಸಂದರ್ಭದಲ್ಲಿ ಲಿಫ್ಟು ಹತ್ತದೆ ಆ ಮೆಟ್ಟಿಲುಗಳಿಂದಲೇ ಇಳಿಯಬೇಕು. ಆ ಚಿತ್ರಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ.

ಲಿಫ್ಟಿನ ಗುಂಡಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ನಮ್ಮ ರಾಜ್ಯದ ಕನ್ನಡ ಭಾಷಾ ಕಾನೂನಿನ 2024ರ ತಿದ್ದುಪಡಿ ಹೇಳುತ್ತದೆ. ಮಾಲುಗಳ ಹೊರಗೆ ಈಗ ಕನ್ನಡ ದೊಡ್ಡದಾಗಿಯೇ ಕಾಣುತ್ತದೆ. ಒಳಗಿನ ದಾರಿ ಹೇಳುವ ಸಣ್ಣ ಫಲಕಗಳೇ ನಮ್ಮ ಹಿರಿಯರಿಗೆ ಹೆಚ್ಚು ಬೇಕಾದವು. ನೀವು ಹೋದ ಮಾಲಿನ ಕಚೇರಿಗೆ ಒಂದು ಪತ್ರ ಬರೆಯಿರಿ, ನಿಮ್ಮ ತಾಯಿಯ ಅನುಭವವನ್ನು ಇಲ್ಲಿ ಬರೆದಂತೆಯೇ ಬರೆಯಿರಿ.

ನಿಡಿಯೂರಿನವ ಬರೆದದ್ದು:

ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲೇ ಹೋಗಿಬರೋಣವೆಂದು ಅಮ್ಮನೇ ಅವಸರ ಮಾಡಿದರು. ಪತ್ರವನ್ನು ಬರೆದು ಕೈಯಲ್ಲೇ ಒಯ್ದಿದ್ದೆ. ಕಚೇರಿಯಲ್ಲಿದ್ದ ಹುಡುಗಿ ಅದನ್ನು ನಿಂತೇ ಓದಿ, ಪ್ರತಿಯ ಮೇಲೆ ಮುದ್ರೆ ಒತ್ತಿ ಕೊಟ್ಟಳು.

ಸಹೋದರಿ ಹೇಳಿದಂತೆ ಮೊದಲು ಮೇಲಿನ ಮಹಡಿಗೆ ಹೋಗಿ ಕುಳಿತೆವು. ಐಸ್‌ಕ್ರೀಮ್ ತಿಂದೆವು. ಆಮೇಲೆ ಇಳಿಯುವ ಎಸ್ಕಲೇಟರಿನ ಮೇಲಿನ ತುದಿಯಲ್ಲಿ ಅಮ್ಮ ಹತ್ತು ನಿಮಿಷ ನಿಂತು, ಬರುವವರ ಕಾಲುಗಳನ್ನೇ ನೋಡಿದರು. ಸೆರಗು ಸಿಕ್ಕಿಸಿಕೊಂಡರು. ನಾನು ಒಂದು ಮೆಟ್ಟಿಲು ಮುಂದೆ ನಿಂತೆ. ನನ್ನ ಭುಜದ ಮೇಲೆ ಅವರ ಕೈ ಇತ್ತು. ಎರಡನೆಯ ಎಸ್ಕಲೇಟರಿನಲ್ಲಿ ಆ ಕೈ ಇರಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ನಡು ಅಂಗಳದ ಕಟಕಟೆಗೆ ಬಂದೆವು. ಎದುರಿನ ಬದಿಯ ಮೇಲಿನ ಗೋಡೆಗೆ, ಗಾಜಿನ ಮಾಡಿನ ಕಬ್ಬಿಣದ ಪಟ್ಟಿಗಳ ನೆರಳು ಹೊತ್ತ ಒಂದು ಬಿಸಿಲಿನ ತುಂಡು ಬಿದ್ದಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, ಸಂಜೆಯ ಬಿಸಿಲು ಬಿದ್ದ ಗೋಡೆ ಅದಾದ್ದರಿಂದ ಅದು ಮೂಡಾಯಿ, ಹಾಗಾದರೆ ನಮ್ಮ ಬೆನ್ನಿಗಿರುವುದು ಪಡ್ಡಾಯಿ ಎಂದರು. ನಾವು ಒಳಬಂದ ಬಾಗಿಲು ಬೆನ್ನಿನ ಕಡೆಗೇ ಇತ್ತು. ಫ್ರಾಕಿನ ಅಂಗಡಿ ತೆನ್ಕಾಯಿ ಮೂಲೆಯದೆಂದೂ, ಕಳೆದ ಸಲ ತಾನು ಹೊರಬಂದ ಓಣಿ ಬಡಕಾಯಿ ಕಡೆಯದೆಂದೂ ಬೆರಳು ಮಾಡಿ ತೋರಿಸಿ, ಚೀಲವನ್ನು ನನ್ನ ಕೈಗೆ ಕೊಟ್ಟು, "ನೀನು ಇಲ್ಲೇ ನಿಂತಿರು" ಎಂದು ಹೇಳಿ, ಫೋನನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬರೇ ಶೌಚಾಲಯಕ್ಕೆ ಹೋಗಿಬಂದರು.